ಮಗಳಿಗೊಂದು ಪತ್ರ: ಒಂದು ಹಳೇ ರ‍್ಯಾಮ್, ಒಂದು ಹೊಸದು

ದಾವಣಗೆರೆ, ಗುರುವಾರ

ಪ್ರೀತಿಯ ಪುಟ್ಟಿ,

ಕಂಪ್ಯೂಟರಿಗೆ ಹೊಸ ರ‍್ಯಾಮ್ (ಮೆಮೊರಿ) ಹಾಕಿದ ಮೇಲೆ ಬ್ಲೂ ಸ್ಕ್ರೀನ್ ಬಂದು ನಿಂತುಹೋಗುತ್ತಿದೆ ಅಂತ ನಿನ್ನೆ ರಾತ್ರಿ ನೀನು ಫೋನ್ ಮಾಡಿದಾಗ ನಾನು ಅರ್ಧ ನಿದ್ದೆಯಲ್ಲಿದ್ದೆ. ಏನು ಹೇಳಿದೆನೋ ನನಗೇ ನೆನಪಿಲ್ಲ. ಈಗ ಅಂಗಡಿ ಬಾಗಿಲು ತೆಗೆದು ಕೂತಿದ್ದೇನೆ, ಗಿರಾಕಿ ಇನ್ನೂ ಬಂದಿಲ್ಲ. ಸಮಾಧಾನವಾಗಿ ಬರೆಯುತ್ತೇನೆ.

ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್.ಪಿ. ರೋಡಿಗೆ ಹೋಗಿ ರ‍್ಯಾಮ್ ತಂದು ನೀನೇ ಕೈಯಾರೆ ಹಾಕಿದೆಯಲ್ಲ, ಅದಕ್ಕೆ ಮೊದಲು ಶಭಾಷ್. ಅಮ್ಮ ಮಾತ್ರ "ಅಂಗಡಿಯವರ ಕೈಲೇ ಹಾಕಿಸಿದ್ರೆ ಆಗ್ತಿರಲಿಲ್ವಾ" ಅಂತ ಇನ್ನೂ ಗೊಣಗುತ್ತಿದ್ದಾಳೆ.

ಹಳೆಯದು 8 ಜಿಬಿ, ಸ್ಪೀಡು 2666. ಹೊಸದು 16 ಜಿಬಿ, 3200. ಎರಡೂ ಡಿಡಿಆರ್4, ಅಂದರೆ ಈ ಜಾತಿಯ ಮೆಮೊರಿಯ ನಾಲ್ಕನೇ ತಲೆಮಾರು. ಡಿಡಿಆರ್3 ಆಗಿದ್ದರೆ ಸ್ಲಾಟಿನಲ್ಲಿ ಕೂರುತ್ತಲೇ ಇರಲಿಲ್ಲ. ಡಿಡಿಆರ್5ಗೂ ಇದರ ಹಾಗೇ 288 ಪಿನ್, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಹಾಗಾಗಿ ಅದೂ ಕೂರುವುದಿಲ್ಲ. ನಿನ್ನದು ಸಲೀಸಾಗಿ ಕೂತಿದೆ, ಅಲ್ಲಿಗೆ ಆ ಚಿಂತೆ ಇಲ್ಲ.

ಕಂಪನಿ, ಸೈಜು, ಸ್ಪೀಡು ಬೇರೆ ಬೇರೆ ಇದ್ದರೂ ಬಹಳ ಸಲ ನಡೆಯುತ್ತದೆ. ಪ್ರತಿ ರ‍್ಯಾಮ್ ಸ್ಟಿಕ್ಕಿನಲ್ಲೂ ಒಂದು ಪುಟ್ಟ ಚಿಪ್ ಇರುತ್ತದೆ, ತನ್ನ ಸ್ಪೀಡು ಎಷ್ಟು, ವೋಲ್ಟೇಜ್ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಮದರ್‌ಬೋರ್ಡು ಎರಡನ್ನೂ ಓದಿ, ನಿಧಾನದ್ದು ಯಾವುದೋ ಅದಕ್ಕೆ ಇನ್ನೊಂದನ್ನು ಹೊಂದಿಸುತ್ತದೆ. ಅಂದರೆ ನಿನ್ನ 3200 ಕೂಡ ಹೆಚ್ಚೆಂದರೆ 2666ರಲ್ಲೇ ಓಡುತ್ತದೆ. ದುಡ್ಡು ದಂಡ ಆಯ್ತು ಅಂದುಕೊಳ್ಳಬೇಡ. ನಿನ್ನ ಆ ದೊಡ್ಡ ದೊಡ್ಡ ಬಿಲ್ಡಿಂಗ್ ಡ್ರಾಯಿಂಗ್ ತೆಗೆಯುವಾಗ ಬೇಕಾಗಿರುವುದು ಜಾಸ್ತಿ ಜಾಗ, ಈಗ ಒಟ್ಟು 24 ಜಿಬಿ ಇದೆ. ಸ್ಪೀಡಿನ ವ್ಯತ್ಯಾಸ ನಿನಗೆ ಗೊತ್ತೂ ಆಗುವುದಿಲ್ಲ.

ಮತ್ತೆ ಬ್ಲೂ ಸ್ಕ್ರೀನ್ ಯಾಕೆ ಬರುತ್ತಿದೆ? "ಬಯಾಸಲ್ಲಿ ಎಕ್ಸ್‌ಎಂಪಿ ಆನ್ ಮಾಡಿದೆ ಅಪ್ಪಾ, ವಿಡಿಯೋದಲ್ಲಿ ಹೇಳಿದ್ರು" ಅಂದೆಯಲ್ಲ, ಅಲ್ಲಿಗೆ ನನ್ನ ನಿದ್ದೆ ಪೂರ್ತಿ ಹೋಯಿತು. ಬಯಾಸ್ ಅಂದರೆ ಬೋರ್ಡಿನ ಸೆಟ್ಟಿಂಗ್ ಇರುವ ಜಾಗ. ಎಕ್ಸ್‌ಎಂಪಿ ಅಂದರೆ ಆ ಸ್ಟಿಕ್ ಮಾಡಿದವರು ಅದಕ್ಕೆಂದೇ ಬರೆದಿಟ್ಟ ಓಟದ ಲೆಕ್ಕ. ಮಾಮೂಲಿ ಡಿಡಿಆರ್4 1.2 ವೋಲ್ಟಿನಲ್ಲಿ ನಡೆದರೆ, 3200ರ ಎಕ್ಸ್‌ಎಂಪಿ ಹೆಚ್ಚಾಗಿ 1.35 ವೋಲ್ಟ್ ಕೇಳುತ್ತದೆ. ನಿನ್ನ ಬೋರ್ಡು ಹೊಸದರ ಲೆಕ್ಕವನ್ನು ಹಳೆಯದರ ಮೇಲೂ ಹೇರಿರಬೇಕು. ಪಾಪ, ಆ 2666 ಇಷ್ಟು ಓಡುತ್ತೇನೆ ಅಂತ ಯಾವತ್ತೂ ಹೇಳಿರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತ ಅಜ್ಜಿ ಹೇಳುತ್ತಿದ್ದಳಲ್ಲ, ಹಾಗಾಗಿದೆ.

ಬ್ಲೂ ಸ್ಕ್ರೀನ್ ಬಂದಿದ್ದೇ ಒಳ್ಳೆಯದು ಅನ್ನುತ್ತೇನೆ ನಾನು. ನನಗೆ ಅದೂ ಬಂದಿರಲಿಲ್ಲ. 2003ರಲ್ಲಿ, ನೀನಿನ್ನೂ ಹುಟ್ಟಿರಲಿಲ್ಲ, ಡಿಟಿಪಿ ಮಷೀನಿಗೆ 128 ಎಂಬಿ ಜೊತೆ ಒಂದು 256 ಹಾಕಿದೆ. ಹಳೇ ಬೋರ್ಡು ಅದನ್ನು ಅರ್ಧ ಮಾತ್ರ ಗುರುತಿಸಿ 128 ಅಂತ ತೋರಿಸಿತು. ಬದಲಾಯಿಸಿ ಇನ್ನೊಂದು ತಂದೆ. ಲೆಕ್ಕ ಸರಿ ಬಂತು, ಮಷೀನ್ ಆನ್ ಆಯ್ತು, ನಾನು ಖುಷಿಯಾಗಿ ಕೆಲಸ ಶುರು ಮಾಡಿದೆ. ಮದುವೆ ಸೀಸನ್ನು ಬೇರೆ. ಒಂದು ಲಗ್ನಪತ್ರಿಕೆ ಪೇಜ್‌ಮೇಕರಿನಲ್ಲಿ ಮುಗಿಸಿ ಸೇವ್ ಮಾಡಿದ್ದೆ. ಸಂಜೆ ತೆಗೆದರೆ ಫೈಲೇ ತೆರೆಯುತ್ತಿಲ್ಲ. ಗಂಡಿನ ಸೋದರಮಾವ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, ಬಂಧುಬಳಗದ ಹೆಸರನ್ನೆಲ್ಲ ಮತ್ತೆ ಒಂದೊಂದಾಗಿ ಹೇಳಿ ಬರೆಸಿದ. ರಾತ್ರಿ ಎರಡು ಗಂಟೆ. ಹೊಸ ಸ್ಟಿಕ್ ಕಿತ್ತ ಮೇಲೆ ಆ ಕಾಟ ಮತ್ತೆ ಬರಲಿಲ್ಲ.

ಅದಕ್ಕೇ ಹೇಳುವುದು, ಥೀಸಿಸ್ ಡ್ರಾಯಿಂಗ್‌ಗಳ ಹಳೇ ಕಾಪಿ ಪೆನ್‌ಡ್ರೈವಿನಲ್ಲಿದೆ ತಾನೆ? ಅದರ ಮೇಲೆ ಈ ವಾರದ ಫೈಲ್ ಹಾಕಬೇಡ. ಬೇರೆ ಫೋಲ್ಡರ್ ಮಾಡಿ ಹಾಕು. ಈ ವಾರದ್ದನ್ನೆಲ್ಲ ಒಂದೊಂದಾಗಿ ತೆಗೆದು ನೋಡು.

ಆಮೇಲೆ ಎಕ್ಸ್‌ಎಂಪಿ ಆಫ್ ಮಾಡು. ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮಿಗೆ ಕೈ ಹಾಕು. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ ಒಂದು, ನಾಲ್ಕನೆಯದರಲ್ಲಿ ಒಂದು ಹಾಕಬೇಕು. ಬೋರ್ಡಿನ ಪುಸ್ತಕದಲ್ಲೂ ಒಮ್ಮೆ ನೋಡಿಕೋ. ಟಕ್ ಅನ್ನುವವರೆಗೆ ಒತ್ತು, ಹೆದರಬೇಡ. ಹಳೆಯದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಊದಿ ಹಾಕು.

ಕೊನೆಗೆ ಮೆಮ್‌ಟೆಸ್ಟ್86+ ಅಂತ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಬಿಟ್ಟಿ ಸಿಗುತ್ತದೆ. ಪೆನ್‌ಡ್ರೈವಿಗೆ ಹಾಕಿ (ಕಾಪಿ ಇರುವ ಪೆನ್‌ಡ್ರೈವಿಗಲ್ಲ, ಅದು ಅಳಿಸಿ ಹೋಗುತ್ತೆ!) ಕಂಪ್ಯೂಟರನ್ನು ಅದರಿಂದಲೇ ಶುರು (ಬೂಟ್) ಮಾಡಿ, ರಾತ್ರಿಯಿಡೀ ಓಡಲು ಬಿಡು. ಒಂದೇ ಒಂದು ಎರರ್ ಬಂದರೂ ಪಾಸ್ ಅಲ್ಲ. ಬಂದರೆ ಒಂದೊಂದೇ ಸ್ಟಿಕ್ ಹಾಕಿ ಓಡಿಸು. ಒಂಟಿಯಾಗಿ ಎರಡೂ ಸರಿ, ಜೊತೆಗೆ ಹಾಕಿದರೆ ಎರರ್ ಅಂದರೆ ಅವೆರಡಕ್ಕೂ ಹೊಂದುವುದಿಲ್ಲ ಅಂತ ಲೆಕ್ಕ. ಆಗ ಬಿಲ್ ತಗೊಂಡು ಅಂಗಡಿಗೆ ಹೋಗು. ಬದಲಿಗೆ ಜೋಡಿಯಾಗಿ ಒಂದೇ ಪ್ಯಾಕಿನಲ್ಲಿ ಬರುವ ಎರಡು 8 ಜಿಬಿ ಸ್ಟಿಕ್ ಕೇಳು. ಸ್ವಲ್ಪ ಜಾಸ್ತಿ ಆದರೆ ನಾನು ಕಳಿಸುತ್ತೇನೆ, ಅಮ್ಮನಿಗೆ ಹೇಳಬೇಡ.

ಟೆಸ್ಟ್ ಓಡುವಾಗ ಸ್ಕ್ರೀನ್ ನೋಡುತ್ತಾ ಕೂರಬೇಡ, ಮಲಗು. ಬೆಳಗ್ಗೆ ಎರರ್ ಅನ್ನುವ ಜಾಗದಲ್ಲಿ ಎಷ್ಟಿದೆ ಅಂತ ಫೋಟೋ ತೆಗೆದು ಕಳಿಸು.

ನಿನ್ನ
ಅಪ್ಪ