ಮೀಟರಿನೀಚೆಯ ಹೊಣೆ ನಮ್ಮದೇ

ಮಾನ್ಯ ಸಂಪಾದಕರೇ,

ಮುಂಬಯಿಯ ಹಳೆಯ ಚಾಳು, ಸೊಸೈಟಿಗಳಲ್ಲಿ ಶಾಕ್ ಹೊಡೆದರೆ ಮೊದಲು ಬೈಗುಳ ವಿದ್ಯುತ್ ಕಂಪನಿಗೆ. ಆದರೆ ಮೀಟರಿನಿಂದ ಈಚೆಗಿನ ವೈರಿಂಗ್ ಸುಸ್ಥಿತಿಯಲ್ಲಿಡುವ ಹೊಣೆ ಗ್ರಾಹಕನದು. ಜಿನೆಯ (ಮೆಟ್ಟಿಲಿನ) ದೀಪ, ನೀರಿನ ಪಂಪು ಸೊಸೈಟಿಯದು. ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರನಿಂದಲೇ ಮಾಡಿಸಬೇಕು. ಪ್ರಾಣಹಾನಿಯಾದರೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಂತೆ ವಿದ್ಯುತ್ ನಿರೀಕ್ಷಕರ ತನಿಖೆ ನಡೆಯಬಹುದು.

ಎಂಸಿಬಿ (ಪ್ರವಾಹ ಮಿತಿಮೀರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ಇದೆಯೆಂದು ನಿಶ್ಚಿಂತೆ ಬೇಡ. 16 ಆಂಪಿಯರಿನ ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಜೀವ ತೆಗೆಯಲು ಆ ಪ್ರವಾಹದ ನೂರನೇ ಒಂದು ಪಾಲೂ ಬೇಡ. ಅದಕ್ಕೇ ಮನೆಗೆ, ಪ್ರವಾಹ ನೆಲಕ್ಕೆ ಸೋರಿದೊಡನೆ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ಚು ಬೀಳದಿದ್ದರೆ ಬದಲಿಸಿ. ಪದೇಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡುವ 'ಜಾಣ' ಎಲೆಕ್ಟ್ರಿಷಿಯನ್‌ಗಳೂ ಇದ್ದಾರೆ! ಸೋರಿಕೆ ಹೆಚ್ಚಾಗಿ ಗೀಸರಿನ ಎಲಿಮೆಂಟಿನಲ್ಲೋ, ಮಳೆಗಾಲದಲ್ಲಿ ತೇವಗೊಂಡ ಗೋಡೆಯ ಜಂಕ್ಷನ್ ಬಾಕ್ಸಿನಲ್ಲೋ ಇರುತ್ತದೆ.

ಇನ್ನೂ ಕೆಟ್ಟದ್ದು, ಅರ್ಥಿಂಗ್ (ಉಪಕರಣದ ಮೈಯನ್ನು ನೆಲಕ್ಕೆ ಸೇರಿಸುವ ತಂತಿ) ಇಲ್ಲದ ಕಡೆ ಸಾಕೆಟಿನೊಳಗೇ ನ್ಯೂಟ್ರಲನ್ನು (ಪ್ರವಾಹ ಮರಳುವ ತಂತಿಯನ್ನು) ಅರ್ಥ್ ಪಿನ್ನಿಗೆ ಸೇರಿಸುವುದು. ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಯೇ 230 ವೋಲ್ಟ್. ಬಾಡಿಗೆಗೆ ಕೊಡುವ ಮಾಲೀಕರು ಕೀಲಿಕೈ ಕೊಡುವ ಮೊದಲು ಇದೊಂದನ್ನಾದರೂ ಪರೀಕ್ಷಿಸಲಿ.

— ವಿದ್ಯುತ್ ಮೇಲ್ವಿಚಾರಕ, ಡೊಂಬಿವಲಿ