ಭಾನುವಾರದ ಓದಿಗೆ: ಕ್ರೋಮೋಸೋಮುಗಳ ನೆಲೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಶಿವಮೊಗ್ಗದಲ್ಲಿ ಸೇರುವ ಮುನ್ನ ಇದನ್ನು ಓದಿಕೊಂಡು ಬನ್ನಿ.

ನಮ್ಮ ಒಂದು ಜೀವಕೋಶದ ಡಿಎನ್‌ಎ ಬಿಡಿಸಿದರೆ ಸುಮಾರು 2 ಮೀಟರ್ ಉದ್ದ. ಅದು ಕ್ರೋಮೋಸೋಮುಗಳೆಂಬ ತುಂಡುಗಳಲ್ಲಿದ್ದು, ಕೋಶಕೇಂದ್ರದೊಳಗೆ ಪ್ರತಿ ಕ್ರೋಮೋಸೋಮಿಗೂ ತನ್ನದೇ ನೆಲೆಯಿದೆ. ವಂಶವಾಹಿಗಳು ವಿರಳವಾಗಿರುವ 18ನೆಯದು ಸಾಮಾನ್ಯವಾಗಿ ಅಂಚಿನ ಕಡೆ, ದಟ್ಟವಾಗಿರುವ 19ನೆಯದು ನಡುವೆ. ಅಂಚಿಗೆ ಅಂಟಿಕೊಂಡ ವಂಶವಾಹಿಗಳು ಬಹುಪಾಲು ಸುಮ್ಮನಿರುತ್ತವೆ.

ನನಗೆ ಅತ್ಯಂತ ಬೆರಗು ತರುವುದು ಡಿಎನ್‌ಎಯ ಕುಣಿಕೆಗಳು. ಬೆರಳುಗಳ ರಚನೆಗೆ ಬೇಕಾದ ಸೋನಿಕ್ ಹೆಜ್‌ಹಾಗ್ ವಂಶವಾಹಿಯನ್ನು ಎಚ್ಚರಿಸುವ ಭಾಗ ಇರುವುದು ಸುಮಾರು 10 ಲಕ್ಷ ಬೇಸ್‌ಗಳಷ್ಟು (ಅಂದರೆ ಡಿಎನ್‌ಎಯ ಅಕ್ಷರಗಳಷ್ಟು) ದೂರದಲ್ಲಿ! ಡಿಎನ್‌ಎ ಮಡಚಿಕೊಂಡಾಗ ಎರಡೂ ಹತ್ತಿರವಾಗುತ್ತವೆ. ಆ ದೂರದ ತುಣುಕಿನಲ್ಲಿ ಒಂದೇ ಅಕ್ಷರ ಬದಲಾದರೂ ಹೆಚ್ಚುವರಿ ಬೆರಳು ಮೂಡಬಹುದು. ಪಿಯು ಮಕ್ಕಳಿಗೆ ಇದನ್ನು ಹೇಳಲೇಬೇಕು.

ಸಾಗರ, ತೀರ್ಥಹಳ್ಳಿ ಕಡೆಯವರು ಮಳೆ ನೋಡಿಕೊಂಡು ಬೇಗ ಹೊರಡಿ.