ನಮ್ಮ ಬಿ.ಕಾಂ. ಡಿಗ್ರಿಯ ಮೇಲಿರುವ ಉದ್ರಿ

ಈ ಸಲದ ಫಲಿತಾಂಶದೊಂದಿಗೆ ನಮ್ಮ ಗುಂಪಿನಲ್ಲಿ ಉಳಿದಿದ್ದ ನಾಲ್ವರೂ ಬಿ.ಕಾಂ. ಮುಗಿಸಿದರು. ಒಟ್ಟು ಹನ್ನೊಂದು ಮಂದಿ. ಹುಬ್ಬಳ್ಳಿಯ ದುರ್ಗದಬೈಲಿನ ಬಟ್ಟೆ ಅಂಗಡಿ, ಅಮರಗೋಳದ ಎಪಿಎಂಸಿ, ಗೋಕುಲ ರಸ್ತೆಯ ವರ್ಕ್‌ಶಾಪು, ಹಳೇ ಹುಬ್ಬಳ್ಳಿಯ ಹೊಲಿಗೆ ಯಂತ್ರ, ಹೀಗೆ ಬೇರೆ ಬೇರೆ ಕಡೆ ದುಡಿಯುತ್ತಲೇ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಏಳು ಮಂದಿ ಈಗಾಗಲೇ ಲೆಕ್ಕಪತ್ರದ ಕೆಲಸಕ್ಕೆ ಸೇರಿಯಾಗಿದೆ. ನಮ್ಮ ಬಗ್ಗೆ ಇಷ್ಟು ಸಾಕು. ಇದು ಉದ್ರಿ ಚುಕ್ತಾ ಮಾಡುವ ಬರಹ. ಬರೀ "ಎಲ್ಲರಿಗೂ ಧನ್ಯವಾದ" ಅಂದರೆ ಯಾರಿಗೂ ಮುಟ್ಟುವುದಿಲ್ಲ. ಯಾರಿಂದ ಏನು ಸಿಕ್ಕಿತು ಅಂತ ಬಿಡಿಸಿ ಬರೆದರೆ ಮುಂದೆ ಸೇರುವವರಿಗೂ ಕೆಲಸಕ್ಕೆ ಬಂದೀತು.

ಮೊದಲ ನಮಸ್ಕಾರ ದಿವಾನಜಿಯವರಿಗೆ. ಹತ್ತಿ, ಮೆಣಸಿನಕಾಯಿ ಅಡತಿಯಲ್ಲಿ ಆಯುಷ್ಯವಿಡೀ ಲೆಕ್ಕ ಬರೆದು ಮನೆಯಲ್ಲಿ ಕುಳಿತಿರುವ ಹಿರಿಯರು. ಹೆಸರು ಹಾಕಬ್ಯಾಡ್ರೀ ಅಂದಿದ್ದಾರೆ. ಅಂಗಡಿಯಲ್ಲಿ ಬೆಳೆದವರಿಗೆ ಕಾಮರ್ಸ್ ಸಲೀಸು ಅಂತ ಎಲ್ಲರೂ ತಿಳಿದಿರುತ್ತಾರೆ. ಆಗುವುದು ಉಲ್ಟಾ. ಯಾಕೆ ಅಂತ ಅವರೇ ಬಿಡಿಸಿ ತೋರಿಸಿದರು. ನಮ್ಮ ಹಳೇ ಕಿರ್ದಿ-ಖತಾವಣಿಯಲ್ಲಿ (ದಿನವಹಿ, ಖಾತೆಪುಸ್ತಕ) ಜಮಾ ಎಡಕ್ಕೆ, ಖರ್ಚು ಬಲಕ್ಕೆ. ಗಿರಾಕಿ ರೊಕ್ಕ ಕೊಟ್ಟರೆ ಅವನ ಹೆಸರಿನ ಪುಟದಲ್ಲಿ ಎಡಗಡೆ ಜಮಾ ಬೀಳುತ್ತದೆ. ಕಾಲೇಜಿನ ಪುಸ್ತಕದಲ್ಲಿ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಅದೇ ಗಿರಾಕಿ ಕೊಟ್ಟ ಅದೇ ರೊಕ್ಕ ಅವನ ಖಾತೆಯ ಬಲಗಡೆ ಕೂಡುತ್ತದೆ. ನಗದು ಪುಸ್ತಕವೊಂದರಲ್ಲಿ ಎರಡೂ ಪದ್ಧತಿಗಳು ಒಂದೇ ದಾರಿ: ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ. ಹೀಗಾಗಿ ಕ್ಯಾಶ್ ಬುಕ್ ಪಾಠದ ತನಕ ಅಂಗಡಿಯವರು ಓಡುತ್ತಾರೆ, ಲೆಡ್ಜರ್ (ಖಾತೆಪುಸ್ತಕ) ಬಂದ ಕೂಡಲೇ ಮುಗ್ಗರಿಸುತ್ತಾರೆ. ದಡ್ಡತನದಿಂದಲ್ಲ, ಕೈಗೆ ಅಂಟಿದ ರೂಢಿಯಿಂದ.

ಅವರ ಔಷಧ ಸರಳ. ಮೊದಲ ತಿಂಗಳು ಡೆಬಿಟ್, ಕ್ರೆಡಿಟ್ ಅನ್ನುವ ಶಬ್ದವನ್ನೇ ಬಾಯಿಗೆ ತರುವಂತಿಲ್ಲ. ಪ್ರತಿ ವ್ಯವಹಾರದ ಕೆಳಗೆ ಎರಡು ಸಾಲು: "ಎಲ್ಲಿಗೆ ಬಂತು? ಎಲ್ಲಿಂದ ಹೋತು?" ಬಂದ ಕಡೆ ಎಡಕ್ಕೆ, ಹೋದ ಕಡೆ ಬಲಕ್ಕೆ. ದಿನಕ್ಕೆ 20 ವ್ಯವಹಾರ, ಅವೂ ಪುಸ್ತಕದವಲ್ಲ, ಅವತ್ತಿನ ಅಂಗಡಿಯವೇ: ಹಮಾಲಿ ಕೊಟ್ಟದ್ದು, ಚಹಾದ ಬಿಲ್ಲು, ಉದ್ರಿ ಒಯ್ದ ಎರಡು ಚೀಲ. ತಿಂಗಳಾದ ಮೇಲೆ ಶಬ್ದಗಳನ್ನು ಸೇರಿಸಿದರು. ಆಗ ಅವು ಭಾರ ಅನ್ನಿಸಲಿಲ್ಲ.

ಪಾಸ್‌ಬುಕ್ಕಿನ ಗೊಂದಲವನ್ನೂ ಅವರೇ ಬಿಡಿಸಿದ್ದು. ಬ್ಯಾಂಕಿನವರು "ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ" ಅಂದರೆ ನಮ್ಮ ರೊಕ್ಕ ಹೆಚ್ಚಿದೆ ಅಂತ ಅರ್ಥ. ಆದರೆ ನಮ್ಮ ಪುಸ್ತಕದಲ್ಲಿ ರೊಕ್ಕ ಹೆಚ್ಚಾದರೆ ಬ್ಯಾಂಕ್ ಖಾತೆ ಡೆಬಿಟ್. ಪಾಸ್‌ಬುಕ್ಕು ಬ್ಯಾಂಕಿನ ಪುಸ್ತಕದ ನಕಲು, ಅಲ್ಲಿ ನಾವು ಸಾಲ ಕೊಟ್ಟವರು. ಇಷ್ಟು ತಿಳಿದರೆ ಬ್ಯಾಂಕ್ ಸಮನ್ವಯದ ಲೆಕ್ಕ, ಅಂದರೆ ನಮ್ಮ ಪುಸ್ತಕ, ಪಾಸ್‌ಬುಕ್ಕು ತಾಳೆ ನೋಡುವುದು, ಅರ್ಧ ಮುಗಿದಂತೆ. ಅವರು ಹಾಕಿಸಿದ ಲೆಕ್ಕವೊಂದು: ನಗದು ಪುಸ್ತಕದ ಬ್ಯಾಂಕ್ ಶಿಲ್ಕು 18,500. ನಾವು ಕೊಟ್ಟ 4,000ದ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿಲ್ಲ, ಕೂಡಿಸು. ನಾವು ಹಾಕಿದ 2,500ರ ಚೆಕ್ಕು ಇನ್ನೂ ವಸೂಲಾಗಿಲ್ಲ, ಕಳೆ. ಬ್ಯಾಂಕ್ ಶುಲ್ಕ 118 ನಮ್ಮಲ್ಲಿ ಬರೆದಿಲ್ಲ, ಕಳೆ. ಪಾಸ್‌ಬುಕ್ಕು 19,882 ತೋರಿಸಬೇಕು. ತೋರಿಸದಿದ್ದರೆ ಮೊದಲು ನಿನ್ನ ಬರಹ ನೋಡು, ಆಮೇಲೆ ಬ್ಯಾಂಕಿನವರ ಜೋಡಿ ಜಗಳಾಡು.

ಇನ್ನೊಂದು ಅವರ ಕೈಚಳಕ, ಇದು ಯಾವ ಪಠ್ಯದಲ್ಲೂ ನಮಗೆ ಇಷ್ಟು ಹಸನಾಗಿ ಸಿಗಲಿಲ್ಲ. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಎಡ-ಬಲ ಬಾಕಿಗಳ ಪಟ್ಟಿ, ಎರಡೂ ಮೊತ್ತ ಒಂದೇ ಆಗಬೇಕು) ಕೂಡಲಿಲ್ಲ ಅಂದರೆ ಎಲ್ಲರೂ ಮೊದಲಿನಿಂದ ಕೂಡಿಸಲು ಕೂಡುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಹೊತ್ತಿಲ್ಲ. ಅವರ ಕ್ರಮ ಹೀಗೆ. ಎರಡೂ ಬದಿಯ ವ್ಯತ್ಯಾಸ ತೆಗಿ. ಅದೇ ಮೊತ್ತ ಎಲ್ಲಾದರೂ ಇದೆಯೇ ನೋಡು. ಇದ್ದರೆ ಒಂದು ಬದಿ ಬರೆದು ಇನ್ನೊಂದು ಬದಿ ಬಿಟ್ಟಿದ್ದೀ. ಸಿಗಲಿಲ್ಲವೇ, ಅರ್ಧ ಮಾಡು. ವ್ಯತ್ಯಾಸ 1,660 ಇದ್ದರೆ 830 ಹುಡುಕು, ಎಡಕ್ಕೆ ಬೀಳಬೇಕಾದದ್ದು ಬಲಕ್ಕೆ ಬಿದ್ದಿರುತ್ತದೆ. ಅದೂ ಅಲ್ಲವೇ, 9ರಿಂದ ಭಾಗಿಸು. ಶೇಷ ಉಳಿಯದೆ ಭಾಗ ಹೋದರೆ ಅಂಕಿಗಳು ಅದಲುಬದಲಾಗಿರಬಹುದು: 4,560 ಬರೆಯುವಲ್ಲಿ 4,650 ಬಂದರೆ ವ್ಯತ್ಯಾಸ 90. ಸೊನ್ನೆ ಬಿಟ್ಟಾಗಲೂ ಹಾಗೇ: 1,200ಕ್ಕೆ 120 ಬರೆದರೆ 1,080, ಅದೂ 9ರ ಮಗ್ಗಿಯಲ್ಲೇ. "ಒಂಬತ್ತು ಸುಳ್ಳು ಹೇಳಂಗಿಲ್ಲ, ಆದ್ರ ಎಲ್ಲಾ ಖರೇನೂ ಹೇಳಂಗಿಲ್ಲ" ಅನ್ನುತ್ತಿದ್ದರು. ನಿಜ. ಅಂಗಡಿಗೆ ತಂದ ತಕ್ಕಡಿಯನ್ನು ಖರೀದಿ ಖಾತೆಗೆ ಬರೆದರೆ ಟ್ರಯಲ್ ಬ್ಯಾಲೆನ್ಸ್ ಸೊಗಸಾಗಿ ಕೂಡುತ್ತದೆ, ಲೆಕ್ಕ ಮಾತ್ರ ತಪ್ಪು. ಮಾರಲು ತಂದದ್ದಷ್ಟೇ ಖರೀದಿ, ತಕ್ಕಡಿ ಆಸ್ತಿ.

ಎರಡನೆಯ ಉದ್ರಿ ಧಾರವಾಡದ ಸಪ್ತಾಪುರದ ನೆಟ್ ಸೆಂಟರಿನ ಹುಡುಗನದು. ಅರ್ಜಿ ತುಂಬುವುದಕ್ಕೆ ಹೋದಾಗ ರೊಕ್ಕ ಇಸಗೊಳ್ಳುವ ಮೊದಲೇ "ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್ ಎರಡೂ ಬಾಜೂ ಬಾಜೂ ಇಡ್ರಿ" ಅಂದವನು ಅವನೊಬ್ಬನೇ. ವಯಸ್ಸಾದ ಮೇಲೆ ಓದಲು ಬರುವವರ ದಾರಿ ಮೊದಲು ಕಟ್ಟಾಗುವುದು ಇಲ್ಲೇ. ಶಾಲೆಯಲ್ಲಿ ಅಪ್ಪನ ಹೆಸರಿನ ಒಂದೇ ಅಕ್ಷರ, ಆಧಾರಿನಲ್ಲಿ ಪೂರ್ತಿ ಹೆಸರು. ಹೆಣ್ಣುಮಕ್ಕಳಿಗೆ ತವರಿನ ಅಡ್ಡಹೆಸರು ಒಂದರಲ್ಲಿ, ಗಂಡನ ಮನೆಯದು ಇನ್ನೊಂದರಲ್ಲಿ. ಈಗ ದೂರಶಿಕ್ಷಣಕ್ಕೆ ಸೇರುವವರು ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮಾ ಆಗುವ ಖಾತೆಯ ಸಂಖ್ಯೆ), ಅದರಿಂದ ಯುಜಿಸಿಯ ಡೆಬ್ ಐಡಿ (ದೂರಶಿಕ್ಷಣ ಬ್ಯೂರೊ ಕೊಡುವ ಸಂಖ್ಯೆ), ಆಮೇಲೆ ಅರ್ಜಿ, ಈ ಸಾಲಿನಲ್ಲೇ ಹೋಗಬೇಕು. ಆಧಾರಿಗೆ ಜೋಡಿಸಿದ ಮೊಬೈಲ್ ಸಿಮ್ ಕಳೆದಿದ್ದರೆ ಮೊದಲ ಹೆಜ್ಜೆಯಲ್ಲೇ ಓಟಿಪಿ ಬರದೆ ನಿಲ್ಲುತ್ತೀರಿ. ಹೆಸರು ತಿದ್ದುವುದಾದರೆ ಅಂಕಪಟ್ಟಿಗೆ ಹೊಂದುವಂತೆ ಆಧಾರನ್ನೇ ತಿದ್ದಿಸಿ, ಅಂಕಪಟ್ಟಿ ತಿದ್ದಿಸುವುದಕ್ಕಿಂತ ಎಷ್ಟೋ ಹಗುರ. ಆದರೆ ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅವಸರದಲ್ಲಿ ಕಾಗುಣಿತ ತಪ್ಪಿಸಿಕೊಂಡು ಒಂದನ್ನು ಸುಟ್ಟುಕೊಳ್ಳಬೇಡಿ. ಇದನ್ನೆಲ್ಲ ಪ್ರವೇಶದ ಕೊನೇ ವಾರಕ್ಕೆ ಇಟ್ಟುಕೊಂಡವರು ಮುಂದಿನ ಆವೃತ್ತಿಗೆ ಕಾಯಬೇಕಾಗುತ್ತದೆ. ಜುಲೈ ತಪ್ಪಿದರೆ ಜನವರಿ.

ಅದೇ ಹುಡುಗ ಇನ್ನೊಂದು ಉಪಕಾರ ಮಾಡಿದ. "ಒಂದೇ ವರ್ಷಕ್ಕ ಡಿಗ್ರಿ, ಪರೀಕ್ಷಾನೂ ನಾವ ನೋಡ್ಕೋತೀವಿ" ಅಂತ ಕರಪತ್ರ ಹಂಚುವ ಏಜೆಂಟರಿಂದ ನಮ್ಮಲ್ಲಿ ಮೂವರನ್ನು ಈಚೆ ಎಳೆದ. ಮೂರು ವರ್ಷದ ಬಿ.ಕಾಂ. ಒಂದು ವರ್ಷಕ್ಕೆ ಇಳಿಯುವುದಿಲ್ಲ, ಇಳಿದರೆ ಅದು ಡಿಗ್ರಿ ಅಲ್ಲ. ನೋಡಬೇಕಾದದ್ದು ವಿಶ್ವವಿದ್ಯಾನಿಲಯದ ಹೆಸರೊಂದನ್ನೇ ಅಲ್ಲ: ಯುಜಿಸಿಯ ದೂರಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಆವೃತ್ತಿಗೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಅಂತ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಶುರುವಾದದ್ದು. ಅದಕ್ಕೂ 2013-14ರಿಂದ ಕೆಲವು ವರ್ಷ ಮಾನ್ಯತೆ ಇಲ್ಲದೆ 2018ರಲ್ಲಿ ಮರಳಿ ಸಿಕ್ಕಿತು. ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ, ಅನುಮಾನ ಇದ್ದರೆ ನೇರ ಅಲ್ಲೇ ಹೋಗಿ ಕೇಳಿ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಇವು ದೂರಶಿಕ್ಷಣದಲ್ಲಿ ಇಲ್ಲವೇ ಇಲ್ಲ. ಮನೆಯಲ್ಲೇ ಕೂತು ಎಲ್‌ಎಲ್‌ಬಿ ಅಂತ ಯಾರಾದರೂ ಅಂದರೆ ಚಹಾ ಕುಡಿಸಿ ಕಳಿಸಿ.

ಮೂರನೆಯದು ಅಕ್ಷರ ತಿದ್ದಿಸಿದ ನಿವೃತ್ತ ಮಾಸ್ತರರಿಗೆ. ನಗಬೇಡಿ. ಹದಿನೈದು-ಇಪ್ಪತ್ತು ವರ್ಷ ಬಿಲ್ಲು, ಚೀಟಿ ಬಿಟ್ಟು ಏನೂ ಬರೆಯದ ಕೈ ಮೂರು ತಾಸು ಬರೆಯುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಹಿಂದೆ ಬಿದ್ದವರೆಲ್ಲ ಉತ್ತರ ಗೊತ್ತಿದ್ದೂ ಪತ್ರಿಕೆ ಮುಗಿಸಲಾಗದವರು. ಎರಡನೇ ತಾಸಿಗೆ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ, ಅಕ್ಷರ ದೊಡ್ಡದಾಗುತ್ತ ಹೋಗುತ್ತದೆ, ಕೊನೆಯ ಎರಡು ಪ್ರಶ್ನೆ ಖಾಲಿ. ಮಾಸ್ತರರು ಹಾಕಿಕೊಟ್ಟ ಕ್ರಮ: ಮೊದಲ ರವಿವಾರ ನಿಲ್ಲಿಸದೆ 20 ನಿಮಿಷ ಬರೆ, ಏನನ್ನಾದರೂ. ಪ್ರತಿ ರವಿವಾರ 10 ನಿಮಿಷ ಹೆಚ್ಚಿಸು. ಹದಿನಾರು ವಾರ ಹೆಚ್ಚಿಸುತ್ತ ಹೋದರೆ 180 ನಿಮಿಷ ಕೂಡುತ್ತದೆ. ನಡುವೆ ಬಿಟ್ಟರೆ ಮತ್ತೆ ಎರಡು ವಾರ ಹಿಂದಿನಿಂದ. ತೆಳ್ಳನೆಯ ಪೆನ್ನನ್ನು ಜನ ಬಿಗಿಯಾಗಿ ಹಿಡಿಯುತ್ತಾರೆ, ಅದಕ್ಕೇ ಕೈ ಬೇಗ ಸೋಲುತ್ತದೆ. ದಪ್ಪ ಹಿಡಿಕೆಯದು ತಗೊಳ್ಳಿ, ಒತ್ತದೆ ಬರೆಯಿರಿ. 80 ಅಂಕದ ಪತ್ರಿಕೆಗೆ 3 ತಾಸು ಅಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. 10 ಅಂಕದ ಲೆಕ್ಕಕ್ಕೆ 22 ನಿಮಿಷ ದಾಟಿದರೆ ಅರ್ಧ ಪುಟ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ. ಲೆಕ್ಕ ಕೂಡಲಿಲ್ಲ ಅಂತ ಅದರ ಮೇಲೇ 50 ನಿಮಿಷ ಗುದ್ದಾಡುವುದು ಅಂಗಡಿಯವರ ಜಿದ್ದು. ಅಂಗಡಿಯಲ್ಲಿ ಅದು ಗುಣ, ಪರೀಕ್ಷೆಯಲ್ಲಿ ಅಲ್ಲ. ಹಂತಗಳಿಗೂ ಅಂಕ ಉಂಟು.

ಮಾಲೀಕರಿಗೂ ಒಂದು ಮಾತು. ರಜೆ ಕೊಟ್ಟ ಎಲ್ಲರಿಗೂ ಶರಣು. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಬ್ಬರು ಕೊಟ್ಟ ಬೇರೆ ಸವಲತ್ತು: ಪರೀಕ್ಷೆಯ ತಿಂಗಳಲ್ಲಿ ಸಂಜೆಯ ಬದಲು ಮುಂಜಾನೆಯ ಪಾಳಿ. ಇಡೀ ದಿನ ನಿಂತು ಬಂದ ಮೇಲೆ ರಾತ್ರಿ ಹತ್ತಕ್ಕೆ ಕಾಸ್ಟ್ ಅಕೌಂಟಿಂಗ್ ತಲೆಗೆ ಹತ್ತುವುದಿಲ್ಲ. ಕಡೀಕ ನಾವು ಹಂಚಿಕೊಂಡದ್ದು ಹೀಗೆ: ಲೆಕ್ಕದ ವಿಷಯ ಬೆಳಗಿನ ಐದರಿಂದ ಆರೂವರೆ, ಟೇಬಲ್ಲಿನ ಮುಂದೆ, ಓದಿ ನೆನಪಿಡುವಂಥವು ಚಿಗರಿ ಬಸ್ಸಿನಲ್ಲಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಕಂಪನಿ ಕಾಯಿದೆಯ ಒಂದು ಅಧ್ಯಾಯ ಆಗುತ್ತದೆ, ನಿಂತಿದ್ದರೂ. ಬಸ್ಸಿನಲ್ಲಿ ಲೆಕ್ಕ ಮಾಡಲು ಹೋಗಬೇಡಿ, ಉಣಕಲ್ ದಾಟುವುದರೊಳಗೆ ಸಿಟ್ಟು ಬರುತ್ತದೆ. ಐದಕ್ಕೆ ಎದ್ದವರಿಗೆ ಚಹಾ ಕಾಸಿಕೊಟ್ಟ ಮನೆಯವರ ಉದ್ರಿಯನ್ನು ಇಲ್ಲಿ ಬರೆಯುವುದಿಲ್ಲ, ಅದು ಮನೆಯಲ್ಲೇ ಚುಕ್ತಾ ಆಗಬೇಕಾದದ್ದು.

ಡಿಗ್ರಿ ಕೈಗೆ ಬಂದರೂ ಕೆಲಸ ಕೊಡಿಸಿದ್ದು ಅದೊಂದೇ ಅಲ್ಲ. ಸಂಜೆ ಎರಡು ತಾಸು ಬಂದು ಕೂಡಲು ಬಿಟ್ಟ ತೆರಿಗೆ ಸಲಹೆಗಾರರೊಬ್ಬರಿಗೆ ನಾವು ಏಳು ಮಂದಿ ಋಣಿ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಫ್5 ಪಾವತಿ, ಎಫ್6 ಸ್ವೀಕೃತಿ, ಎಫ್7 ಜರ್ನಲ್ ಅನ್ನುವುದು ಎರಡು ದಿನದ ಕಲಿಕೆ. ಕಾಲ ಬೇಡುವುದು ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಓಟ. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಪಟ್ಟಿ), 14ಕ್ಕೆ 2ಬಿ (ಮಾಲು ಕೊಟ್ಟವರು ಸಲ್ಲಿಸಿದ ಬಿಲ್ಲುಗಳ ಪಟ್ಟಿ) ತಯಾರು, 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ನಮಗೆ ಮಾಲು ಕೊಟ್ಟ, ತಿಂಗಳಿಗೊಮ್ಮೆ ಸಲ್ಲಿಸುವವನು 11ರೊಳಗೆ ಸಲ್ಲಿಸದೆ 13ಕ್ಕೆ ಸಲ್ಲಿಸಿದರೆ ಆ ಬಿಲ್ಲು ಈ ತಿಂಗಳ 2ಬಿಯಲ್ಲಿ ಬರುವುದಿಲ್ಲ. ಇಂಥವರ ಬಿಲ್ಲು 2ಬಿಯಲ್ಲಿ ಇಲ್ಲದಿದ್ದರೆ ಅದರ ತೆರಿಗೆ ಜಮೆ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟುವುದರಲ್ಲಿ ಕಳೆದುಕೊಳ್ಳುವುದು) ತೆಗೆದುಕೊಳ್ಳುವಂತಿಲ್ಲ. ಹೊಸಬರು ಖರೀದಿ ರಿಜಿಸ್ಟರ್ ನೋಡಿ ಜಮೆ ಹಾಕುತ್ತಾರೆ, ಆಮೇಲೆ ನೋಟಿಸು ಬರುತ್ತದೆ. ಆದ್ದರಿಂದ 10ನೇ ತಾರೀಖಿಗೇ ಮಾಲು ಕೊಟ್ಟವರಿಗೆ ಫೋನು ಹಚ್ಚಿ ನೆನಪಿಸುವುದು ಅಕೌಂಟೆಂಟನ ಅರ್ಧ ಕೆಲಸ.

ಹುಬ್ಬಳ್ಳಿಯಲ್ಲಿ ಕೆಲಸ ಮಾಡುವವರು ಹತ್ತಿಯ ವಿಷಯವೊಂದನ್ನು ತಿಳಿದಿರಲೇಬೇಕು ಅಂತ ಅವರು ಮೊದಲ ವಾರವೇ ಹೇಳಿದ್ದರು. ನೋಂದಾಯಿತ ವ್ಯಾಪಾರಿ ರೈತನಿಂದ ನೇರವಾಗಿ ಕಚ್ಚಾ ಹತ್ತಿ ಕೊಂಡರೆ ತೆರಿಗೆ ಕಟ್ಟಬೇಕಾದವನು ಕೊಂಡವನೇ. 2017ರ ನವೆಂಬರ್‌ನಿಂದ ಹಾಗಿದೆ. ರೈತ ಬಿಲ್ಲು ಕೊಡುವುದಿಲ್ಲ, ನಮ್ಮ ಬಿಲ್ಲು ನಾವೇ ಬರೆದುಕೊಳ್ಳಬೇಕು. ಆ ತೆರಿಗೆಯನ್ನು ಇದ್ದ ಜಮೆಯಿಂದ ಹೊಂದಿಸಲು ಬರುವುದಿಲ್ಲ, ಜಿಎಸ್‌ಟಿಯ ನಗದು ಲೆಡ್ಜರಿಗೆ ರೊಕ್ಕ ತುಂಬಿಯೇ ಕಟ್ಟಬೇಕು. ಕಟ್ಟಿದ ಮೇಲೆ ಅದರ ಜಮೆ ಸಿಗುತ್ತದೆ. ಹಂಗಾಮಿನಲ್ಲಿ ಇದಕ್ಕೆಂದೇ ರೊಕ್ಕ ತೆಗೆದಿಡಿ ಅಂತ ಮಾಲೀಕರಿಗೆ ಮುಂಚೆಯೇ ಹೇಳದಿದ್ದರೆ 20ನೇ ತಾರೀಖು ಬೈಸಿಕೊಳ್ಳುವವರು ನಾವೇ. ನಮ್ಮಲ್ಲಿ ಒಬ್ಬರಿಗೆ ಸಂದರ್ಶನದಲ್ಲಿ ಕೇಳಿದ್ದು ಇದೊಂದೇ ಪ್ರಶ್ನೆ.

ಕೊನೆಗೆ ಪುಸ್ತಕಗಳ ವಿಷಯ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಗುಂಪಿನ ಹೊಲಿಗೆ ಅಂಗಡಿಯ ಮೂಲೆಯ ಕಪಾಟಿನಲ್ಲಿ ಆರೂ ಸೆಮಿಸ್ಟರಿನ ಪುಸ್ತಕ, ಹಳೇ ಪ್ರಶ್ನೆಪತ್ರಿಕೆ, ದಿವಾನಜಿಯವರ ಲೆಕ್ಕದ ನಾಲ್ಕು ನೋಟುಬುಕ್ಕು ಇಟ್ಟಿದ್ದೇವೆ. ಕಪಾಟಿಗೆ ಜಾಗ ಕೊಟ್ಟ ಅಕ್ಕನವರಿಗೂ ನಮಸ್ಕಾರ. ಸೇರಬೇಕೆನ್ನುವವರು ಒಯ್ಯಬಹುದು, ಗೋಡೆಗೆ ತೂಗುಹಾಕಿದ ವಹಿಯಲ್ಲಿ ಹೆಸರು, ತಾರೀಖು ಬರೆದರೆ ಸಾಕು. ದಿವಾನಜಿಯವರ ಮೂರನೇ ನೋಟುಬುಕ್ಕು ಹೋದ ದೀಪಾವಳಿಯಿಂದ ಕಾಣುತ್ತಿಲ್ಲ, ವಹಿಯಲ್ಲಿ ಯಾರ ಹೆಸರಿಗೂ ಬರೆದಿಲ್ಲ. ಒಯ್ದವರು ತಂದಿಡಿರಿ, ಚಹಾದ ಕಲೆ ಬಿದ್ದಿದ್ದರೂ ನಡೆಯುತ್ತದೆ. ಪಾಲುದಾರಿಕೆ ಲೆಕ್ಕಗಳೆಲ್ಲ ಅದರಲ್ಲೇ ಇವೆ.